ಮೊದಲ ಐವರಲ್ಲಿ ಪಟಾಕಿ

"ಇದನ್ನು ಬರೆದ ಮಹಾನುಭಾವರು ಯಾರು?"

ಪತ್ರಿಕಾ ಕಚೇರಿಯಲ್ಲಿ ಎಲ್ಲರೂ ತಲೆ ಎತ್ತಿದರು. ಕಿಟಕಿಯ ಪಕ್ಕ ಕಂಪ್ಯೂಟರಿಗೆ ಮೂಗು ತಾಗಿಸಿಕೊಂಡು ಕೂತಿದ್ದ ಒಬ್ಬ ಮಾತ್ರ ತಲೆ ತಗ್ಗಿಸಿದ. ಅವನೇ ಎಂದು ತಿಳಿಯಲು ಅವಳಿಗೆ ಇನ್ನೇನು ಬೇಕಿತ್ತು? ಉಂಡೆಯಾಗಿದ್ದ ಕ್ರೀಡಾಪುಟವನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

ಬರೆದವನು ಹೊಟ್ಟೆ ಬಿಟ್ಟ, ಕೂತಲ್ಲಿಂದಲೇ ಲೋಕಕ್ಕೆಲ್ಲ ಬುದ್ಧಿ ಹೇಳುವ ಮುದುಕನಿರಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಬೈಗುಳವನ್ನೂ ಅದೇ ಅಳತೆಗೆ ಹೊಲಿಸಿಕೊಂಡಿದ್ದಳು. ಇವನೋ ಹೆಚ್ಚುಕಮ್ಮಿ ಅವಳ ವಯಸ್ಸಿನವನೇ. ಮಡಚಿದ ಅಂಗಿತೋಳು, ಕೆದರಿದ ಕೂದಲು, ಕನ್ನಡಕದ ಹಿಂದೆ ದೊಡ್ಡ ದೊಡ್ಡ ಕಣ್ಣು. ಅಂಥ ಕಣ್ಣು ನೋಡಿಕೊಂಡು ಬೈಯುವುದು ಸುಲಭವಲ್ಲ. ಆದರೂ ಬೈದಳು.

"'ಪಟಾಕಿ ಚೆನ್ನಾಗಿಯೇ ಸಿಡಿಯುತ್ತದೆ. ಆದರೆ ಪಟಾಕಿಯ ಬೆಳಕಿನಲ್ಲಿ ಯಾರೂ ಪುಸ್ತಕ ಓದಲಾರರು.' ಏನ್ರೀ ಇದು?"

"ಹೋಲಿಕೆ ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದಕ್ಕೇ ಹೊಟ್ಟೆ ಉರೀತಿರೋದು!"

ಪಟಾಕಿ ಎಂದರೆ ಅವಳೇ. ವಿದ್ಯುತ್ ಕಚೇರಿಯ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಅವಳಿಗೆ ಅಂಟಿಕೊಂಡ ಹೆಸರು. ಹಗಲೆಲ್ಲ ದೂರಿನ ಕೌಂಟರಿನಲ್ಲಿ ಕೂತು ಕರೆಂಟ್ ಹೋದವರ ಸಿಟ್ಟು ಕೇಳುವುದು, ಸಂಜೆ ಅಂಕಣಕ್ಕೆ ಹೋಗಿ ಬೆಂಚಿನ ಮೇಲೆ ಕೂರುವುದು. ಮೊದಲ ಐವರು ಸುಸ್ತಾದಾಗ ಕೋಚ್ ಬೆರಳಾಡಿಸಿ ಕರೆಯುತ್ತಿದ್ದರು. ಅವಳು ನುಗ್ಗಿ, ಹತ್ತು ನಿಮಿಷ ಎದುರಾಳಿಗಳ ಬೆವರಿಳಿಸಿ, ಚಪ್ಪಾಳೆ ಗಿಟ್ಟಿಸಿಕೊಂಡು ಬಂದು ಮತ್ತೆ ಕೂರುತ್ತಿದ್ದಳು.

ಈಗ, ಮೊದಲ ಐವರಲ್ಲಿದ್ದು ತಂಡದ ಆಟ ನಡೆಸುತ್ತಿದ್ದ ಹಿರಿಯ ಆಟಗಾರ್ತಿ ಮಂಡಿಗೆ ಪೆಟ್ಟು ಮಾಡಿಕೊಂಡಿದ್ದಳು. ಸೆಮಿಫೈನಲ್‌ನಲ್ಲಿ ಆ ಜಾಗ ಪಟಾಕಿಗೋ, ಹೊಸದಾಗಿ ಸೇರಿದ ಹುಡುಗಿಗೋ ಎಂಬ ಚರ್ಚೆ ತಂಡದಲ್ಲಿ ಜೋರಾಗಿತ್ತು. ಮುಂದಿನ ವರ್ಷದಿಂದ ಎಳೆಯರಿಗಷ್ಟೇ ಅವಕಾಶ ಎಂದು ಕಚೇರಿಯ ದೊಡ್ಡವರು ಹೇಳಿಯಾಗಿತ್ತು. ಅಂದರೆ ಈಗ ಸಿಗದಿದ್ದರೆ ಇನ್ನು ಸಿಗುವುದೇ ಇಲ್ಲ. ಇಂಥ ಹೊತ್ತಿನಲ್ಲಿ ಈ ಪುಣ್ಯಾತ್ಮ ಬರೆದದ್ದನ್ನು ಕೋಚ್ ಎಲ್ಲರೆದುರು ಗಟ್ಟಿಯಾಗಿ ಓದಿದ್ದರು.

"ನೀವು ಚೆನ್ನಾಗಿ ಆಡಲ್ಲ ಅಂತ ನಾನೆಲ್ಲೂ ಬರೆದಿಲ್ಲ," ವರದಿಗಾರ ಮೆಲ್ಲಗೆ ಅಂದ. "ನೀವು ಇಳಿಯೋ ಹೊತ್ತಿಗೆ ಎದುರಿನವರು ದಣಿದಿರ್ತಾರೆ. ಅವರ ಆಟ ಹೇಗೆ ಅಂತ ನೀವು ಕೂತಲ್ಲೇ ನೋಡ್ಕೊಂಡಿರ್ತೀರಿ. ಮೊದಲಿಂದ ಆಡೋರಿಗೆ ಆ ಎರಡು ಅನುಕೂಲಾನೂ ಇರಲ್ಲ."

"ಅಂದ್ರೆ ನಾನು ಪ್ರಶ್ನೆಪತ್ರಿಕೆ ಮೊದಲೇ ನೋಡ್ಕೊಂಡು ಪರೀಕ್ಷೆಗೆ ಹೋಗೋಳು ಅನ್ನಿ."

"ಸರಿಯಾಗಿ ಹೇಳಿದ್ರಿ."

ಅವಳಿಗೆ ಮೈಯೆಲ್ಲ ಉರಿಯಿತು. "ನಾಳೆ ಅಭ್ಯಾಸಕ್ಕೆ ಬನ್ನಿ. ಕುರ್ಚೀಲಿ ಕೂತು ಮಾತಾಡೋಕೆ ನಿಮ್ಮ ಗಂಟೇನು ಹೋಗುತ್ತೆ?"

ಬರುವುದಿಲ್ಲ ಎಂದುಕೊಂಡಿದ್ದಳು. ಅವನು ಬಂದ. ಮರುದಿನವೂ ಬಂದ. ಅಭ್ಯಾಸ ಮುಗಿದ ಮೇಲೆ ಬಸ್ ನಿಲ್ದಾಣದವರೆಗೆ ಇಬ್ಬರೂ ಜಗಳವಾಡುತ್ತ ನಡೆಯುವುದು ರೂಢಿಯಾಯಿತು. ಅವನು ಒಂದು ಹೇಳಿದರೆ ಅವಳು ಎರಡು ಹೇಳುವಳು. ಮಾತು ಮುಗಿಯದಿದ್ದರೆ ಬಂದ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಕಾಯುವಳು. ಮಾತು ಮುಗಿದಿದ್ದರೂ ಕೆಲವೊಮ್ಮೆ ಕಾಯುವಳು. ಕೇಳಿದರೆ, ಬಸ್ಸು ತುಂಬಿತ್ತು ಎನ್ನುವಳು.

ಒಂದು ಸಂಜೆ ಅವನು ನಡೆಯುತ್ತಿದ್ದವನು ನಿಂತ.

"ಆಟ ನಿಂತಾಗಲೆಲ್ಲ ನೀವು ಎಲ್ಲಿ ನೋಡ್ತೀರಿ ಗೊತ್ತಾ? ಬೆಂಚಿನ ಕಡೆ. ನಿಮ್ಮ ಬದಲಿಗೆ ಯಾರು ಎದ್ದು ನಿಂತ್ರು ಅಂತ. ಯಾವಾಗ ಕೂರಿಸ್ತಾರೋ ಅನ್ನೋ ಭಯಕ್ಕೆ ಇರೋ ಉಸಿರನ್ನೆಲ್ಲ ಮೊದಲೇ ಖರ್ಚು ಮಾಡ್ಬಿಡ್ತೀರಿ."

ಇಷ್ಟು ವರ್ಷ ಅವಳು ಯಾರಿಗೂ ಹೇಳದ ಭಯ ಅದು, ತನಗೆ ತಾನೂ ಹೇಳಿಕೊಂಡಿರಲಿಲ್ಲ. ಅಳು ಬಂದರೆ ಇವನ ಮುಂದೆ ಮರ್ಯಾದೆ ಹೋದೀತೆಂದು ಸೊಂಟದ ಮೇಲೆ ಕೈಯಿಟ್ಟಳು.

"ಅಷ್ಟೂ ಹೊತ್ತು ನನ್ನ ಕಣ್ಣನ್ನೇ ನೋಡ್ತಿದ್ರಾ?"

ಅವನ ಕಿವಿಗಳು ಕೆಂಪಾದವು. "ಅದು... ನನ್ನ ಕೆಲಸ."

"ಇದಕ್ಕೆ ಸಂಬಳ ಬೇರೆ ಕೊಡ್ತಾರಾ?"

ಅವನು ಕನ್ನಡಕ ತೆಗೆದು ಒರೆಸಿದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಅವಳು ಕದ್ದು ನೋಡಿದಳು. ಅವನೂ ಅದೇ ಹೊತ್ತಿಗೆ ಕದ್ದು ನೋಡಿ ಸಿಕ್ಕಿಬಿದ್ದ.

ಮರುದಿನ ಅವಳು ಕೋಚ್ ಎದುರು ಹೋಗಿ ನಿಂತಳು. "ಸರ್, ಸೆಮಿಫೈನಲ್‌ಗೆ ನನ್ನನ್ನೇ ಮೊದಲು ಇಳಿಸಿ."

"ನಿನಗೆ ಬಿಸಿ ಜಾಸ್ತಿ, ಉಸಿರು ಕಮ್ಮಿ, ತಾಯಿ. ಜೊತೆಗೆ ನಿನ್ನನ್ನ ಮೊದಲೇ ಇಳಿಸಿದ್ರೆ ಕಷ್ಟಕಾಲಕ್ಕೆ ನಾನು ಯಾರನ್ನ ಕರೀಲಿ?"

"ಉಸಿರು ಕಮ್ಮಿ ಅಂತ ನಿಮಗೆ ಹೇಗೆ ಗೊತ್ತು ಸರ್? ಯಾವತ್ತಾದ್ರೂ ಪೂರ್ತಿ ಆಡೋಕೆ ಬಿಟ್ಟಿದೀರಾ? ಕಷ್ಟಕಾಲಕ್ಕೆ ನಾನು ಬೇಕು, ಸುಖಕ್ಕೆ ಬೇಡ. ಇದು ಯಾವ ನ್ಯಾಯ?"

ಕೋಚ್ ಗಡ್ಡ ಕೆರೆದುಕೊಂಡು, "ಆಯ್ತು, ನೋಡೇಬಿಡೋಣ," ಅಂದರು.

ಆ ಖುಷಿಯನ್ನು ಹೊತ್ತುಕೊಂಡು ಅವಳು ಬಸ್ ನಿಲ್ದಾಣಕ್ಕೆ ಓಡಿದಳು. ವರದಿಗಾರ ನಕ್ಕ, ಆದರೆ ಆ ನಗು ಅರ್ಧಕ್ಕೇ ನಿಂತಿತು.

"ನಾನೊಂದು ಹೇಳ್ಬೇಕು. ಸೆಮಿಫೈನಲ್ ಬಗ್ಗೆ ನಾನು ಬರೆಯಲ್ಲ. ಸಂಪಾದಕರಿಗೂ ತಿಳಿಸಿದೀನಿ. ನಿಮ್ಮ ತಂಡಕ್ಕೆ ಇನ್ನು ಬೇರೆಯವರು."

ಅವಳ ಮುಖ ಬಾಡಿತು. "ಸೋಲ್ತೀನಿ ಅಂತ ಮೊದಲೇ ತೀರ್ಮಾನ ಮಾಡಿದ್ರಾ? ನಾನು ಮುಗ್ಗರಿಸೋದು ನೋಡೋಕೆ ಇಷ್ಟವಿಲ್ಲ, ಅಲ್ವಾ?"

"ಅಲ್ಲ, ನಾನು ಹೇಳೋದು..."

"ಏನೂ ಹೇಳ್ಬೇಡಿ. ನೀವು ಬರದಿದ್ರೆ ಚೆಂಡು ಬುಟ್ಟಿಗೆ ಬೀಳಲ್ಲ ಅಂತೇನಿಲ್ಲ!"

ಎದುರಿಗೆ ಬಂದ ಬಸ್ಸನ್ನು ಹತ್ತಿಬಿಟ್ಟಳು. ಕೂತ ಮೇಲೆ ಗೊತ್ತಾಯಿತು, ಅದು ಅವಳ ಮನೆಯ ಕಡೆಗೆ ಹೋಗುವ ಬಸ್ಸಲ್ಲ.

ಸೆಮಿಫೈನಲ್ ದಿನ ಮೊದಲ ಬಾರಿ ಅವಳ ಹೆಸರನ್ನು ಮೈಕಿನಲ್ಲಿ ಮೊದಲ ಐವರ ಪಟ್ಟಿಯಲ್ಲಿ ಕರೆದರು. ಮುಂದಿನ ಸಾಲಿನಲ್ಲಿದ್ದ ಅಮ್ಮ ಎದ್ದು ನಿಂತರು. ಪತ್ರಿಕೆಯವರ ಸಾಲಿನಲ್ಲಿ ಯಾರೋ ಅಪರಿಚಿತ ಆಕಳಿಸುತ್ತಿದ್ದ. ಆ ಸಿಟ್ಟಿಗೋ, ಹಳೆಯ ಭಯಕ್ಕೋ ಅವಳು ಶುರುವಿನಲ್ಲೇ ಸಿಡಿದಳು. ಎಲ್ಲ ಚೆಂಡೂ ತನಗೇ, ಎಲ್ಲ ಓಟವೂ ತನ್ನದೇ. ಮೊದಲ ಕ್ವಾರ್ಟರ್‌ನ ಹತ್ತು ನಿಮಿಷ ಮುಗಿಯುವಷ್ಟರಲ್ಲಿ ಕಾಲು ಕಲ್ಲಾಗಿ, ತಂಡ ಹಿಂದೆ ಬಿದ್ದಿತ್ತು. ಬೆಂಚಿನ ಕಡೆ ನೋಡಿದಳು. ಹೊಸ ಹುಡುಗಿ ಜಾಕೆಟ್ ಬಿಚ್ಚುತ್ತಿದ್ದಳು.

"ಕೂತ್ಕೋಮ್ಮ," ಅಂದರು ಕೋಚ್. ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. ಸಿಟ್ಟನ್ನಾದರೂ ಅವಳು ಸಹಿಸುತ್ತಿದ್ದಳೇನೋ.

"ಇಲ್ಲ ಸರ್. ಕೂರಲ್ಲ."

"ಏನಂದೆ?"

"ದಿನಾ ನೀವು ನನ್ನ ಕರೀತಿದ್ದಿದ್ದು ಇದೇ ಹೊತ್ತಿಗೆ. ಇವತ್ತು ಎದುರಿನವರ ಆಟಾನ ಬೆಂಚಲ್ಲಿ ಕೂತು ನೋಡಲಿಲ್ಲ, ಮೈಮೇಲೆ ಹಾಕ್ಕೊಂಡು ನೋಡಿದೀನಿ. ಈಗ ಯಾರಿಗೆ ಯಾವ ಕೈ ಬಲ, ಯಾರು ಬೇಗ ದಣೀತಾರೆ, ಎಲ್ಲ ಗೊತ್ತಾಗಿದೆ. ನನ್ನ ಆಟ ಈಗ ಶುರು ಆಗ್ಬೇಕು, ಈಗಲೇ ಕೂರಿಸ್ತೀರಾ?"

"ಸೋತ್ರೆ?"

"ಸೋತ್ರೆ ಬಾಯಿಗೆ ಬಂದ ಹಾಗೆ ಬೈರಿ. ಕೂರು ಅಂತ ಮಾತ್ರ ಅನ್ಬೇಡಿ."

ಕೋಚ್ ಹೊಸ ಹುಡುಗಿಗೆ ಕೈಸನ್ನೆ ಮಾಡಿ ಕೂರಿಸಿದರು.

ಆಮೇಲೆ ಅವಳು ಓಡಲಿಲ್ಲ, ಓಡಿಸಿದಳು. ಚೆಂಡು ಹಿಡಿದು ಕಾದಳು, ದಾರಿ ಕಂಡಾಗ ಕೊಟ್ಟಳು, ಉಸಿರು ಬೇಕಾದಾಗ ಆಟವನ್ನೇ ನಿಧಾನ ಮಾಡಿದಳು. ಬೆಂಚಿನಲ್ಲಿ ಯಾರು ಎದ್ದರು, ಯಾರು ಕೂತರು ಎಂದು ಒಮ್ಮೆಯೂ ನೋಡಲಿಲ್ಲ. ಕೊನೆಯ ಗಳಿಗೆಯಲ್ಲಿ ಅಂಕ ಸಮವಿದ್ದಾಗ ಚೆಂಡು ಅವಳ ಕೈಯಲ್ಲಿತ್ತು. ಈಗ ಸಿಡಿಯುತ್ತಾಳೆಂದು ಎದುರಿನ ಇಬ್ಬರು ಅವಳ ಮೇಲೇ ಮುಗಿಬಿದ್ದರು. ಅವಳು ಅವರ ನಡುವಿನಿಂದ ಚೆಂಡನ್ನು ಬುಟ್ಟಿಯ ಕೆಳಗೆ ಒಂಟಿಯಾಗಿ ನಿಂತಿದ್ದ ಗೆಳತಿಗೆ ದಾಟಿಸಿದಳು. ಗೆಳತಿ ಸುಮ್ಮನೆ ಎತ್ತಿ ಹಾಕಿದಳು. ಗೆದ್ದರು!

ಕೋಚ್ ಬಂದು ಅವಳ ತಲೆಯ ಮೇಲೆ ಕೈಯಿಟ್ಟು, "ಫೈನಲ್‌ಗೂ ನೀನೇ ಮೊದಲು," ಅಂದರು. ಆಗ ಮಾತ್ರ ಅವಳು ಅತ್ತಳು.

ಕಣ್ಣೊರೆಸಿಕೊಂಡು ನೋಡಿದರೆ, ಹಿಂದಿನ ಕಂಬದ ಮರೆಯಲ್ಲಿ ಕನ್ನಡಕ ಕಂಡಿತು. ಜನರನ್ನು ತಳ್ಳಿಕೊಂಡೇ ಹೋದಳು.

"ಇಲ್ಲೇನ್ ಮಾಡ್ತಿದೀರಾ?"

ಅವನು ಬಾಯಿ ತೆರೆದ. ದನಿ ಹೊರಡಲಿಲ್ಲ; ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು. ಪಿಸುಗುಟ್ಟಿದ: "ವರದಿ ಬರೆಯೋನು ಯಾರ ಪರವಾಗಿಯೂ ಕೂಗಬಾರದು. ನನಗೆ ಕೂಗದೆ ಇರೋಕೆ ಆಗಲ್ಲ ಅಂತ ಗೊತ್ತಾಯ್ತು. ಅದಕ್ಕೇ ಬಿಟ್ಟುಕೊಟ್ಟೆ. ನಿಮ್ಮ ವಿಷಯದಲ್ಲಿ ನಾನು ಪೂರ್ತಿ ಪಕ್ಷಪಾತಿ."

ಅವಳ ಎದೆ ಆಟದಲ್ಲೂ ಇಷ್ಟು ಬಡಿದುಕೊಂಡಿರಲಿಲ್ಲ.

"ಹಾಗಾದ್ರೆ ಬರೆದದ್ದು ತಪ್ಪು ಅಂತ ಒಪ್ಕೊಳಿ."

"ಅದಾಗಲ್ಲ. ಮೊದಲ ಕ್ವಾರ್ಟರ್ ಮಟ್ಟಿಗೆ ನಾನು ಬರೆದದ್ದೇ ಸರಿ."

"ಎಂಥ ಮೊಂಡ ರೀ ನೀವು!"

"ಪ್ರೀತಿ ಬಂದ ಮಾತ್ರಕ್ಕೆ ಸುಳ್ಳು ಹೇಳೋಕಾಗುತ್ತಾ?"

ಅವಳು ಅವನನ್ನು ಎಳೆದುಕೊಂಡು ಮುಂದಿನ ಸಾಲಿಗೆ ನಡೆದಳು. ಅಮ್ಮ ಹುಬ್ಬೇರಿಸಿದರು.

"ಯಾರೇ ಇದು?"

"ನಾನು ಪೂರ್ತಿ ಆಡೋಕೆ ಲಾಯಕ್ಕಿಲ್ಲ ಅಂತ ಬರೆದಿದ್ರಲ್ಲಮ್ಮ, ಅವರೇ."

ಅಮ್ಮ ಅವನನ್ನು ಮೇಲಿಂದ ಕೆಳಗೆ ಅಳೆದರು. "ಅಂಥವರ ಕೈ ಯಾಕೆ ಹಿಡ್ಕೊಂಡಿದೀಯಾ? ಎಲ್ಲರೂ ನೋಡ್ತಿದಾರೆ, ಬಿಡು."

ಅವಳು ಕೆಳಗೆ ನೋಡಿದಳು. ಹೌದು, ಹಿಡಿದಿದ್ದಳು. ಎಲ್ಲರೂ ನೋಡುತ್ತಿದ್ದದ್ದೂ ನಿಜ.

"ಬಿಡಲ್ಲಮ್ಮ," ಅಂದಳು. "ಫೈನಲ್ ದಿನ ನಿನ್ನ ಪಕ್ಕ ಇವರಿಗೂ ಒಂದು ಸೀಟು ಹಿಡಿ."