ಮಡಚಲಾಗದ ಕಂಪ್ಯೂಟರು

"ಮಡಚಿ ಕಂಕುಳಲ್ಲಿ ಇಟ್ಕೊಂಡು ತವರಿಗೆ ಓಡೋಕೆ ತಾನೇ ನಿನಗೆ ಲ್ಯಾಪ್‌ಟಾಪು?"

ಅತ್ತೆಯ ಮಾತಿಗೆ ಸೊಸೆ ಉತ್ತರ ಕೊಟ್ಟು ಕೊಟ್ಟು ಸುಸ್ತಾಗಿದ್ದಳು. ಮುದ್ರಣಾಲಯಕ್ಕೆ ಮನೆಯಿಂದಲೇ ಪುಟ ಜೋಡಿಸಿಕೊಡುವವಳು ಅವಳು. ಹಳೆಯ ಡೆಸ್ಕ್‌ಟಾಪ್ ಮೂರು ದಿನದ ಹಿಂದೆ ಅರ್ಧ ಪುಸ್ತಕವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಪ್ರಾಣ ಬಿಟ್ಟಿತ್ತು. ಹೊಸದು ಬೇಕೇ ಬೇಕು. ಆದರೆ ಈ ಸಲ ಅವಳಿಗೆ ಲ್ಯಾಪ್‌ಟಾಪ್ ಬೇಕಿತ್ತು. ತವರಲ್ಲಿ ಸೊಂಟ ಮುರಿದುಕೊಂಡು ಮಲಗಿದ್ದ ಅಮ್ಮನನ್ನು ನೋಡಿಕೊಳ್ಳುತ್ತಿದ್ದ ಚಿಕ್ಕಮ್ಮ ಈ ವಾರ ತಮ್ಮ ಮನೆಗೆ ಹೊರಡುವವರಿದ್ದರು. ಲ್ಯಾಪ್‌ಟಾಪ್ ಇದ್ದರೆ ಅಮ್ಮನ ಮಂಚದ ಪಕ್ಕದಲ್ಲೇ ಕೂತು ಎರಡು ತಿಂಗಳು ಕೆಲಸ ಮಾಡಬಹುದು. ಅಷ್ಟೇ ಅವಳ ಆಸೆ... ಅದೂ ಹೆಚ್ಚಾಯಿತೇ?

ಗಂಡ ಯಥಾಪ್ರಕಾರ ಇಬ್ಬರ ಮಾತಿಗೂ ತಲೆಯಾಡಿಸಿದ. ಆ ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ.

ಅಂಗಡಿಗೆ ಅತ್ತೆಯೂ ಹೊರಟರು. "ನಾನು ನೋಡಿಯೇ ತಗೋಬೇಕು," ಎಂದು ಹಟ. ಮೆಟ್ಟಿಲು ಇಳಿಯುವಾಗ ಮಗನ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ಅಂಗಡಿಯಲ್ಲಿ ಮಗ ಫೋನ್ ಬಂತೆಂದು ಹೊರಗೆ ಹೋದ. ಮಾರಾಟದ ಹುಡುಗಿ ಒಂದು ಡೆಸ್ಕ್‌ಟಾಪನ್ನು ಮೇಜಿನ ಮೇಲಿಟ್ಟು, ವೈರ್ ತರಲು ಒಳಗೆ ನಡೆದಳು. ಅತ್ತೆ ಕೀಲಿಮಣೆಯನ್ನು ಬೆರಳಿನಿಂದ ಸವರಿ, ಪರದೆಯ ಕಡೆ ಮುಖ ಮಾಡಿ ನಿಂತರು.

"ಎಷ್ಟು ಚೆನ್ನಾಗಿ ಕಾಣ್ತಿದೆ ನೋಡು. ಅಕ್ಷರ ಎಲ್ಲಾ ಮುತ್ತು ಪೋಣಿಸಿದ ಹಾಗಿದೆ. ಇದೇ ಇರಲಿ."

ಪರದೆ ಕಪ್ಪಗಿತ್ತು. ಸೊಸೆ ಮೊದಲು ಇದೊಂದು ಹೊಸ ಕುಹಕವೆಂದುಕೊಂಡಳು. ಆಮೇಲೆ ಅತ್ತೆಯ ಮುಖ ನೋಡಿದಳು. ವರ್ಷದಿಂದ ಸಾರಿಗೆ ಎರಡೆರಡು ಸಲ ಬೀಳುತ್ತಿದ್ದ ಉಪ್ಪು, ಬಾಗಿಲಿಗೆ ಬಂದವರನ್ನು "ಯಾರು, ಯಾರು" ಎಂದು ಗದರುತ್ತಿದ್ದದ್ದು... ಎಲ್ಲ ಒಮ್ಮೆಗೇ ಅರ್ಥವಾಯಿತು.

"ಅತ್ತೆ, ಅದನ್ನ ಇನ್ನೂ ಆನ್ ಮಾಡಿಲ್ಲ."

ಅತ್ತೆಯ ಕೈ ಕೀಲಿಮಣೆಯ ಮೇಲೆ ಹಾಗೇ ನಿಂತಿತು.

"ಯಾವಾಗಿಂದ ಕಣ್ಣು ಕಾಣ್ತಿಲ್ಲ ಅತ್ತೆ?"

"ಹೋದ ವರ್ಷವೇ ಡಾಕ್ಟರ್ ಹೇಳಿದ್ರು. ಹೋಗಿರೋದು ವಾಪಸ್ ಬರಲ್ವಂತೆ." ಅತ್ತೆಯ ದನಿ ಇಳಿದಿತ್ತು. "ಅವನಿಗೆ ಹೇಳಬೇಡ ಕಣೇ. ಗೊತ್ತಾದ್ರೆ ನಾನು ಈ ಮನೆಗೆ ಭಾರ ಅನ್ಸಿಬಿಡುತ್ತೆ. ಹೆಜ್ಜೆ ಎಣಿಸ್ಕೊಂಡು ಓಡಾಡ್ತೀನಿ. ನೀನು ಹಾಲ್‌ನಲ್ಲಿ ಕೂತು ಟಕಟಕ ಅಂತ ಟೈಪ್ ಹೊಡೀತಾ ಇದ್ರೆ ಧೈರ್ಯ ಇರುತ್ತೆ. ಅದು ನಿಂತ್ರೆ... ನನಗೆ ಕೈಕಾಲೇ ಆಡಲ್ಲ."

ಇಷ್ಟು ವರ್ಷ ಚುಚ್ಚಿದ ನಾಲಿಗೆ ಇದೇನಾ! ಸೊಸೆಗೆ ಕೋಪ ಬಂತು, ಅಳುವೂ ಬಂತು. ಕಣ್ಣು ಕಾಣದ ಅತ್ತೆಯನ್ನು ಗೊತ್ತಿಲ್ಲದ ಮನೆಗೆ ಕರೆದೊಯ್ಯಲಾಗದು. ಮೂರು ಮಹಡಿ ಹತ್ತಿಸಿ ಅಮ್ಮನನ್ನು ಇಲ್ಲಿಗೆ ತರಲೂ ಆಗದು. ಗಂಡ ಬೆಳಗ್ಗೆ ಹೋದರೆ ಬರುವುದು ಸಂಜೆಗೆ. ಎರಡು ತಿಂಗಳು ತಾನೇ, ಹೋಗಿ ಬಾ ಎಂದು ಅತ್ತೆ ಒಂದು ಮಾತು ಹೇಳಲಿ ಎಂದು ಕಾದಳು. ಅತ್ತೆ ಹೇಳಲಿಲ್ಲ. ಅವಳ ಸೆರಗಿನ ತುದಿಯನ್ನು ಹಿಡಿದು ನಿಂತರು.

ಹುಡುಗಿ ವೈರ್ ತಂದಳು. "ಯಾವುದು ಕೊಡ್ಲಿ ಮೇಡಂ?"

"ಡೆಸ್ಕ್‌ಟಾಪ್," ಎಂದಳು ಸೊಸೆ.

ಮನೆಗೆ ಬಂದವಳೇ ಅಡುಗೆಮನೆಯಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡಿದಳು.

"ತಗೊಂಡ್ಯಾ?" ಅಮ್ಮನ ಸ್ವರದಲ್ಲಿ ಎಷ್ಟೋ ದಿನದ ಮೇಲೆ ಹುರುಪಿತ್ತು. "ಚಿಕ್ಕಮ್ಮನ ಕೈಲಿ ಕಿಟಕಿ ಹತ್ರ ಮೇಜು ಹಾಕಿಸಿದ್ದೀನಿ. ಅಲ್ಲಿ ಬೆಳಕು ಚೆನ್ನಾಗಿ ಬರುತ್ತೆ."

"ತಗೊಂಡೆ ಅಮ್ಮ... ಡೆಸ್ಕ್‌ಟಾಪ್. ನಿನ್ನ ನೋಡ್ಕೊಳ್ಳೋಕೆ ಯಾರನ್ನಾದ್ರೂ ಗೊತ್ತು ಮಾಡ್ತೀನಿ."

ಆ ಕಡೆ ಅಮ್ಮ ಮಗ್ಗುಲು ಬದಲಿಸಿರಬೇಕು, ಮಂಚ ಕಿರುಗುಟ್ಟಿತು.

"ಅದರ ಪರದೆ ದೊಡ್ಡದಲ್ವಾ," ಅಂದರು ಆಮೇಲೆ. "ನಿನ್ನ ಕಣ್ಣಿಗೆ ಒಳ್ಳೇದು ಬಿಡು."