ಬೆಕ್ಕಿನ ಬಿದಿಗೆಯ ಹೂಮಾಲೆ

ಬೆಟ್ಟಗಳು ಇನ್ನೂ ಮಾತು ಮರೆಯದಿದ್ದ ಕಾಲ. ಆಗ ಏಳು ಹೊಳೆಗಳ ನಡುವೆ ಕಣಜಪುರವೆಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಆನೆಗಿಂತ, ಕುದುರೆಗಿಂತ, ಮಂತ್ರಿಗಿಂತ ಹೆಚ್ಚಿನ ಮರ್ಯಾದೆ ಬೆಕ್ಕಿಗಿತ್ತು. ನಗಬೇಡಿ, ಅದಕ್ಕೆ ಕಾರಣವಿತ್ತು.

ರಾಜನ ಮುತ್ತಜ್ಜನ ಕಾಲದಲ್ಲಿ ಕರಿಮೂತಿ ಎಂಬ ಮಾಟಗಾರ ತನ್ನ ಇಲಿಗಳ ದಂಡನ್ನು ಕಣಜಪುರಕ್ಕೆ ನುಗ್ಗಿಸಿದ್ದ. ಕಣಜಗಳೆಲ್ಲ ಬರಿದಾಗಿ ಮಕ್ಕಳು ಹಸಿದು ಅಳುತ್ತಿದ್ದಾಗ, ಊರ ಬೆಕ್ಕುಗಳೆಲ್ಲ ಒಂದಾಗಿ ಆ ದಂಡನ್ನು ಹೊಳೆಯಾಚೆಗೆ ಅಟ್ಟಿದವು. ಆ ಉಪಕಾರವನ್ನು ಜನ ಮರೆಯಲಿಲ್ಲ. ವರ್ಷವೂ ಯುಗಾದಿಯ ಮರುದಿನ ಅಲ್ಲಿ ಬೆಕ್ಕಿನ ಬಿದಿಗೆ ಹಬ್ಬ. ಅಂದು ಅಂಗಳದ ಹೂವು ಕೊಯ್ದು, ಮಾಲೆ ಕಟ್ಟಿ, ಮನೆಯ ಬೆಕ್ಕಿನ ಕೊರಳಿಗೆ ಹಾಕಿ, "ನಿನ್ನಿಂದ ಉಂಡೆವು ತಾಯಿ" ಎಂದು ಕೈಮುಗಿಯಬೇಕು. ನೆಟ್ಟು ಬೆಳೆಸಿದ ಹೂವು ಆಗದು. ವಸಂತದಲ್ಲಿ ತಾನಾಗಿ ಎದ್ದ ಕಾಡುಹೂವೇ ಬೇಕು. ತುಂಬೆ, ವಿಷ್ಣುಕ್ರಾಂತಿ, ಹೆಸರೇ ಇಲ್ಲದ ಹಳದಿ ಚುಕ್ಕೆಗಳು, ಏನು ಎದ್ದರೆ ಅದು. ಹಾಗಾಗಿ ಹಬ್ಬ ಮುಗಿಯುವ ತನಕ ಅಂಗಳದ ಒಂದು ಕಳೆಯನ್ನೂ ಯಾರೂ ಕೀಳುತ್ತಿರಲಿಲ್ಲ.

ಕರಿಮೂತಿ ಇನ್ನೂ ಬದುಕಿದ್ದ, ಅವನಿಗೆ ಅಷ್ಟು ತಿಳಿದರೆ ಸಾಕಲ್ಲ. ಬೆಕ್ಕಿನ ಹತ್ತಿರ ಸುಳಿಯುವ ಧೈರ್ಯವಂತೂ ಅವನಿಗಿರಲಿಲ್ಲ. ಒಂದು ವರ್ಷ ಗಾಳಿ ಬೀಸುವ ದಿನ ನೋಡಿ, ತನ್ನ ಬೆಟ್ಟದ ತುದಿಯಿಂದ ಒಂದು ಹಿಡಿ ಬೀಜ ತೂರಿದ. ವಸಂತ ಬಂತು. ಕಣಜಪುರದ ಅಂಗಳ ಅಂಗಳದಲ್ಲೂ ಯಾರೂ ಕಂಡಿರದ ಹೂವೊಂದು ಎದ್ದು ನಿಂತಿತು. ಆರು ಎಸಳು, ಕೇಸರಿ ಬಣ್ಣ, ನಡುವೆ ಮುಟ್ಟಿದರೆ ಉದುರುವಷ್ಟು ಬಂಗಾರದ ಪುಡಿ. ಜನ ಹಿಗ್ಗಿ ಹೀರೇಕಾಯಿಯಾದರು. ಈ ಸಲ ನಮ್ಮ ಬೆಕ್ಕುಗಳಿಗೆ ದೇವರೇ ಹೂವು ಕಳಿಸಿದ್ದಾನೆ ಅಂದರು. ಒಂದಲ್ಲ, ಎರಡೆರಡು ಮಾಲೆ ಹಾಕಿದರು.

ಸಂಜೆಯೊಳಗೆ ಊರ ಬೆಕ್ಕುಗಳ ಬಾಲವೆಲ್ಲ ಕಲ್ಲಾದವು.

ಊರಿನ ಮಡಿವಾಳ ಗುರುಮಾಚನಿಗೆ ಒಬ್ಬಳೇ ಮಗಳು, ಹೆಸರು ಮಾಚವ್ವ. ತಾಯಿಯಿಲ್ಲದ ಆ ಹುಡುಗಿಗೆ ಗುಗ್ಗರಿ ಎಂಬ ಬೂದು ಬಣ್ಣದ ಬೆಕ್ಕೇ ಅಕ್ಕ, ತಂಗಿ, ಗೆಳತಿ ಎಲ್ಲ. ಗುಗ್ಗರಿ ಅವಳ ಮಡಿಲಲ್ಲಿ ಮಲಗಿ ನಡುಗುತ್ತಿತ್ತು. ಬಾಲ ಮುಟ್ಟಿದರೆ ಬಟ್ಟೆ ಒಗೆಯುವ ಬಂಡೆ ಮುಟ್ಟಿದಂತಿತ್ತು.

"ಅಪ್ಪ, ನಮ್ ಗುಗ್ಗರಿ ಏನು ತಿಂತೋ? ಏನೂ ತಿಂದಿಲ್ವಲ್ಲ!"

"ಹೂವಿಗೆ ಬಾಯಿ ಹಾಕಿಲ್ಲ ಕಣವ್ವ, ನಾನೇ ನೋಡ್ತಾ ಕೂತಿದ್ದೆ," ಅಂದ ಗುರುಮಾಚ.

ಬೆಳಗಾಗುವಷ್ಟರಲ್ಲಿ ಕಲ್ಲು ಹಿಂಗಾಲಿನವರೆಗೆ ಏರಿತ್ತು. ಬೆಟ್ಟದ ಕಡೆಯಿಂದ ಇಲಿಗಳ ಕಿಚಕಿಚ ಕೇಳಿಸಿತು. ಇದು ಯಾರ ಕೆಲಸವೆಂದು ಆಗ ಎಲ್ಲರಿಗೂ ತಿಳಿಯಿತು. ನಾಳೆ ಸಂಜೆಗೆ ಕಲ್ಲು ತಲೆ ಮುಟ್ಟುತ್ತದೆ, ಆಮೇಲೆ ಬೆಕ್ಕೂ ಇಲ್ಲ, ಕಾಳೂ ಇಲ್ಲ. ರಾಜ ಸೋಮಭೂಪಾಲ ತನ್ನ ಮುದಿ ಬೆಕ್ಕನ್ನು ಎತ್ತಿಕೊಂಡೇ ಅರಮನೆಯ ಮೆಟ್ಟಿಲಿಗೆ ಬಂದ.

"ಕಬ್ಬಿಣ ಹೊತ್ತವರನ್ನ ಆ ಬೆಟ್ಟ ಹತ್ತಿಸಿಕೊಳ್ಳೋದಿಲ್ಲ. ಕತ್ತಿಯಿಲ್ಲದೆ ಹೋಗೋರು ಯಾರಿದ್ದೀರಿ?"

ಸಿಪಾಯಿಗಳು ಕತ್ತಿ ನೋಡಿಕೊಂಡರು, ನೆಲ ನೋಡಿದರು. ಮಾಚವ್ವ ಮುಂದೆ ಬಂದಳು. "ನಂಗೆ ಕತ್ತಿ ಹಿಡಿಯೋಕೆ ಬರಾಕಿಲ್ಲ ಬುದ್ಧಿ. ನಾನೇ ಹೋಗ್ತೀನಿ," ಅಂದಳು. ಅಂಟುವಾಳದ ಕಾಯಿ ಒಂದು ಚೀಲ, ಒಗೆದ ಬಟ್ಟೆ ಒಂದು ಗಂಟು, ಅಷ್ಟನ್ನೇ ಹೊತ್ತು ಹೊರಟಳು. ಮಡಿವಾಳರ ಹುಡುಗಿಯ ಆಯುಧ ಇನ್ನೇನಿರುತ್ತದೆ?

ಹೊಳೆಯ ದಡದಲ್ಲಿ ದೋಣಿಯುದ್ದದ ಮೊಸಳೆಯೊಂದು ಬಾಯ್ತೆರೆದು ಕೂತಿತ್ತು. ಸದ್ದಾದ ಕಡೆಗೆಲ್ಲ ಬಾಯಿ ಹಾಕುತ್ತಿತ್ತು. ಮಾಚವ್ವ ಮರದ ಮರೆಯಿಂದ ಇಣುಕಿ ನೋಡಿದಳು. ಅದರ ಕಣ್ಣಿನ ಮೇಲೆ ಗೇಣುದಪ್ಪದ ಪಾಚಿ ಕಟ್ಟಿತ್ತು.

"ಮೊಸಳಣ್ಣ, ಕಣ್ಣು ಕಾಣಲ್ವಾ?"

"ಕಾಣಬಾರದು ಅಂತಲೇ ಕರಿಮೂತಿ ಮೆತ್ತಿದ್ದಾನೆ. ಸದ್ದಾದ್ರೆ ನುಂಗು ಅಂದಿದ್ದಾನೆ."

"ಬಾಯಿ ಮುಚ್ಕೊಂಡು ಒಂದು ಗಳಿಗೆ ಇರ್ತೀಯಾ? ನಾನು ತೊಳೀತೀನಿ."

ಮೊಸಳೆ ಬಾಯಿ ಮುಚ್ಚಿತು. ಮಾಚವ್ವ ಅಂಟುವಾಳ ನೆನೆಸಿ, ನೊರೆ ಬರಿಸಿ, ಮಧ್ಯಾಹ್ನದವರೆಗೆ ಉಜ್ಜಿದಳು. ಪಾಚಿ ಜಾರಿ ಕಣ್ಣು ತೆರೆದಾಗ ಮೊಸಳೆ ಮೊದಲು ಆಕಾಶ ನೋಡಿತು, ಆಮೇಲೆ ಅವಳನ್ನು ನೋಡಿತು. "ನೂರು ವರ್ಷದಿಂದ ಯಾರೂ ಹತ್ತಿರ ಬಂದಿರಲಿಲ್ಲ ತಂಗಿ," ಎಂದು ಅವಳನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿತು.

ಬೆಟ್ಟದ ಬುಡದಲ್ಲಿ ಕರಡಿಯೊಂದು ಗೋಳಾಡುತ್ತಿತ್ತು. ಅದೂ ಕರಿಮೂತಿಯ ಕಾವಲಿನದೇ, ಆದರೆ ಮುಂಗಾಲೆರಡೂ ಕಲ್ಲಾಗಿದ್ದವು. ಮೈಯೆಲ್ಲ ಬಂಗಾರದ ಪುಡಿ.

"ಕರಡಿಮಾವ, ನೀನು ಆ ಹೂವು ತಿಂದ್ಯಾ?"

"ಹೂವು ಯಾರು ತಿಂತಾರಮ್ಮಾ? ಮೆತ್ತಗಿತ್ತು ಅಂತ ಉರುಳಾಡಿದೆ. ಆಮೇಲೆ ಮೈ ನೆಕ್ಕೊಂಡೆ, ಅಷ್ಟೇ."

ಮಾಚವ್ವನಿಗೆ ಈಗ ಅರ್ಥವಾಯಿತು. ಬೆಕ್ಕು ಹೂವು ತಿನ್ನಬೇಕಾಗಿಯೇ ಇರಲಿಲ್ಲ! ಮೈಮೇಲೆ ಬಿದ್ದ ಪುಡಿಯನ್ನು ನೆಕ್ಕಿದರೆ ಸಾಕಿತ್ತು. ಗುಗ್ಗರಿಗೆ ಎರಡು ಮಾಲೆ ಹಾಕಿದ್ದು ಯಾರು? ಅವಳೇ. ಕೈಮುಗಿದದ್ದು ಯಾರು? ಅವಳೇ. ಪ್ರೀತಿಯಿಂದ, ಕೃತಜ್ಞತೆಯಿಂದ, ಇಡೀ ಊರು ತನ್ನ ಕೈಯಾರೆ ವಿಷ ತೊಡಿಸಿತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ.

ಅಳುತ್ತಲೇ ಕರಡಿಯ ಮೇಲೆ ನೀರು ಸುರಿದಳು. ಅದು ತಪ್ಪಾಯಿತು. ನೀರು ತಾಗಿದ ಕಡೆ ಪುಡಿ ಕೂದಲಿನ ಬುಡಕ್ಕಿಳಿಯಿತು, ಕಲ್ಲು ಮೊಣಕೈಗೆ ಏರಿತು. ಕರಡಿ ಬೊಬ್ಬೆ ಹಾಕಿತು. ಮಾಚವ್ವನಿಗೆ ಅಪ್ಪ ಚಿಕ್ಕಂದಿನಲ್ಲಿ ಕಲಿಸಿದ್ದು ಆಗ ಹೊಳೆಯಿತು. ಮದುವೆ ಬಟ್ಟೆಗೆ ಹೂವಿನ ಪುಡಿ ಅಂಟಿದರೆ ನೀರು ಮುಟ್ಟಿಸಬಾರದು, ಮುಟ್ಟಿಸಿದರೆ ಕಲೆ ಕಚ್ಚಿಕೊಳ್ಳುತ್ತದೆ. ಮೊದಲು ಒಣಬಟ್ಟೆಯಿಂದ ತಟ್ಟಿ ತಟ್ಟಿ ತೆಗೆಯಬೇಕು. ಕರಡಿಯನ್ನು ಬಿಸಿಲಿಗೆ ಹಾಕಿ ಒಣಗಿಸಿದಳು, ಒಣಬಟ್ಟೆಯಿಂದ ಕೂದಲು ಕೂದಲು ಬಿಡಿಸಿ ತಟ್ಟಿದಳು. ಹೊತ್ತು ಮುಳುಗುವಾಗ ಕೊನೆಯ ಪುಡಿ ಉದುರಿತು, ಕಲ್ಲು ಏರುವುದು ನಿಂತಿತು.

"ಉಪಕಾರವಾಯ್ತಮ್ಮಾ," ಅಂದಿತು ಕರಡಿ. "ಆದರೆ ಬೆಟ್ಟದ ತುದೀಲಿರೋ ತಾಯಿಹೂವಿನ ಬೇರು ಕೀಳೋವರೆಗೂ ಕಲ್ಲಾದದ್ದು ಕಲ್ಲೇ. ಅದರ ಪಕ್ಕದಲ್ಲೇ ಅವನು ಕೂತಿರ್ತಾನೆ."

ಮರುದಿನ ಬೆಳಗ್ಗೆ ಮಾಚವ್ವ ಬೆಟ್ಟದ ತುದಿ ಮುಟ್ಟಿದಳು. ಮರದೆತ್ತರದ ಕೇಸರಿ ಹೂವಿನ ಕೆಳಗೆ ಕರಿಮೂತಿ ಕರಿಕಂಬಳಿ ಹೊದ್ದು ಕೂತಿದ್ದ. ಅವಳ ಗಂಟು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ರಾಜನಿಗೆ ಸಿಕ್ಕವಳು ಒಗೆಯೋಳೇನು! ಸರಿ, ಈ ಕಂಬಳಿ ನೂರು ವರ್ಷದಿಂದ ನೀರು ಕಂಡಿಲ್ಲ. ಇದನ್ನ ಬೆಳ್ಳಗೆ ಮಾಡು, ಹೂವು ನಿಂದು. ಆಗದಿದ್ರೆ ನಿನ್ನನ್ನೂ ಕಲ್ಲು ಮಾಡ್ತೀನಿ."

ಕಂಬಳಿ ಬೆಳ್ಳಗಾಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದು ಸಾವಿರ ಇಲಿಗಳನ್ನು ಮಂತ್ರದಿಂದ ನೇಯ್ದ ಕಂಬಳಿ, ಅವನ ಶಕ್ತಿಯೆಲ್ಲ ಅದರಲ್ಲೇ ಇತ್ತು. ಆದರೆ ಮಡಿವಾಳರು ಬಟ್ಟೆ ಹೇಗೆ ಒಗೆಯುತ್ತಾರೆಂದು ಆ ಮಹಾಪಂಡಿತ ಎಂದೂ ನೋಡಿರಲಿಲ್ಲ.

ಮಾಚವ್ವ ಕಂಬಳಿಯನ್ನು ತೊರೆಯಲ್ಲಿ ಅದ್ದಿದಳು, ತಲೆಯ ಮೇಲೆ ಎತ್ತಿದಳು, ಮಡಿವಾಳರ ರೂಢಿಯಂತೆ ಉಸಿರು ಬಿಡುತ್ತ ಬಂಡೆಗೆ ಬಡಿದಳು. ಸೋ! ಕಂಬಳಿಯಿಂದ ಹತ್ತು ಇಲಿ ಹಾರಿ ಓಡಿದವು. ಕರಿಮೂತಿ "ಅಯ್ಯೋ ಬೆನ್ನು!" ಅಂದ. ಮತ್ತೆ ಎತ್ತಿದಳು, ಮತ್ತೆ ಬಡಿದಳು. ಸೋ! ಇನ್ನೂ ಇಪ್ಪತ್ತು ಹೋದವು. ಕರಿಮೂತಿ ಒಂದು ಮೊಳ ಕುಗ್ಗಿದ.

"ಸಾಕು, ಸಾಕು! ಬೆಳ್ಳಗಾಯ್ತು!"

"ಎಲ್ಲಾಯ್ತು ಸ್ವಾಮಿ? ಅಂಚಲ್ಲಿ ಇನ್ನೂ ಕರ್ರಗಿದೆ," ಎಂದು ಮಾಚವ್ವ ಬಡಿಯುತ್ತಲೇ ಇದ್ದಳು. ನೂರನೆಯ ಏಟಿಗೆ ಕಂಬಳಿಯಲ್ಲಿ ಒಂದು ನೂಲೂ ಉಳಿಯಲಿಲ್ಲ. ಕರಿಮೂತಿ ಹೆಬ್ಬೆರಳಷ್ಟು ಸುಂಡಿಲಿಯಾಗಿ ಬಿಲ ಹುಡುಕಿಕೊಂಡು ಓಡಿದ. ಮಾಚವ್ವ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಿಂಗಾಲಲ್ಲೇ ಅವಳ ಹಿಂದೆ ಬೆಟ್ಟ ಹತ್ತಿ ಬಂದಿದ್ದ ಕರಡಿಯನ್ನು ಕೂಗಿದಳು. ಕರಡಿ ಹಿಂಗಾಲಿನಿಂದಲೇ ನೆಲ ಕೆದರಿ ಬೇರು ಕಿತ್ತಿತು. ಕಿತ್ತ ಕೂಡಲೇ ಅದರ ಮುಂಗಾಲುಗಳಿಗೆ ಜೀವ ಬಂತು. ಅವಳನ್ನು ಹೆಗಲೇರಿಸಿಕೊಂಡು ಬೆಟ್ಟವಿಳಿಯಿತು. ಮೊಸಳೆ ಹೊಳೆ ದಾಟಿಸಿತು.

"ನೀರು ಹಾಕಬೇಡಿ! ಮಾಲೆ ತೆಗೀರಿ! ಒಣಬಟ್ಟೇಲಿ ಒರೆಸಿ!" ಮಾಚವ್ವ ಬೀದಿ ಬೀದಿಯಲ್ಲಿ ಕೂಗಿಕೊಂಡು ಓಡಿದಳು. ರಾಜ ತನ್ನ ರೇಷ್ಮೆ ಶಲ್ಯವನ್ನೇ ಕಿತ್ತು ಬೆಕ್ಕನ್ನು ಒರೆಸತೊಡಗಿದ. ಪುಡಿ ಹೋದ ಬೆಕ್ಕುಗಳು ಒಂದೊಂದಾಗಿ ಮೈಮುರಿದು ಎದ್ದವು. ಊರ ತುಂಬ ನಗುವೂ ಅಳುವೂ ಒಟ್ಟಿಗೆ ಕೇಳಿಸಿತು.

ಮನೆಯಲ್ಲಿ ಗುರುಮಾಚ ತಲೆ ಚಚ್ಚಿಕೊಳ್ಳುತ್ತಿದ್ದ. "ಊರಿಗೆಲ್ಲ ಒಗೆಯೋನು ನಾನು. ಗಾಬರೀಲಿ ನನ್ನ ಕೆಲಸವೇ ಮರೆತೆ ಮಗಳೇ. ಬಿಸಿನೀರಲ್ಲಿ ಸ್ನಾನ ಮಾಡಿಸ್ಬಿಟ್ಟೆ."

ಗುಗ್ಗರಿ ಕಿವಿಯವರೆಗೂ ಕಲ್ಲಾಗಿತ್ತು. ಕಣ್ಣು ಮಾತ್ರ ತೆರೆದಿತ್ತು, ಅದು ಅವಳನ್ನೇ ನೋಡುತ್ತಿತ್ತು. ಮಾಚವ್ವ ಬೈಯಲಿಲ್ಲ. "ನಾನೂ ನೀರೇ ಹಾಕಿದ್ದೆ ಅಪ್ಪ," ಅಂದಳು. ಇಬ್ಬರೂ ಬೆಕ್ಕನ್ನು ಬಟ್ಟೆ ಒಣಹಾಕುವಂತೆ ಇಳಿಬಿಸಿಲಿಗಿಟ್ಟರು, ಬೀಸಣಿಗೆ ಬೀಸಿದರು, ಒಣಗಿದಷ್ಟೂ ಒರೆಸಿದರು. ಹೊತ್ತು ಜಾರುತ್ತಿತ್ತು. ಕೈ ಸೋತಿತು, ಆದರೂ ಬಿಡಲಿಲ್ಲ. ಕೊನೆಗೆ ಒಂದು ಕಿವಿ ಅಲುಗಿತು. ಆಮೇಲೆ ಕೊರಳು, ಬೆನ್ನು, ಕಾಲು, ಬಾಲ. ಗುಗ್ಗರಿ ಎದ್ದು ನಿಂತು ಮಾಡಿದ ಮೊದಲ ಕೆಲಸವೆಂದರೆ ತನಗೆ ಸ್ನಾನ ಮಾಡಿಸಿದ ಗುರುಮಾಚನ ಕೈ ಪರಚಿದ್ದು. ಅವನು ಆ ಗೀರನ್ನು ಕಣ್ಣಿಗೊತ್ತಿಕೊಂಡ.

"ಏನು ಬೇಕು ಕೇಳಮ್ಮ," ಅಂದ ರಾಜ, ಮಾಚವ್ವನನ್ನು ಅರಮನೆಗೆ ಕರೆಸಿ.

"ಇನ್ಮೇಲೆ ಬೆಕ್ಕಿನ ಮೈಮೇಲೆ ಯಾರೂ ಏನೂ ಹಾಕಬಾರದು ಬುದ್ಧಿ. ವಸಂತ ಬಂದಾಗ ಅಂಗಳ ಸುತ್ತಿ, ಎದ್ದಿರೋ ಗಿಡ ಎಲ್ಲಾ ನೋಡಬೇಕು. ಗೊತ್ತಿರೋ ಹೂವು ಇರಲಿ, ಗೊತ್ತಿಲ್ಲದ್ದನ್ನ ಹಿರಿಯರಿಗೆ ತೋರಿಸೋವರೆಗೂ ಬೆಕ್ಕನ್ನ ಹೊರಗೆ ಬಿಡಬಾರದು."

"ಮತ್ತೆ ನಾವು ಋಣ ತೀರಿಸೋದು ಹೇಗೆ?"

ಮಾಚವ್ವ ಒಂದು ದಾರಿ ಹೇಳಿದಳು. ಮುಂದಿನ ಬಿದಿಗೆಯಿಂದ ಹಾಗೆಯೇ ನಡೆಯಿತು. ಹೂವೆಲ್ಲ ಅಂಗಳದಲ್ಲೇ ಅರಳಿ ನಗುತ್ತಿರುತ್ತವೆ. ಜನ ಹೊಸ್ತಿಲಲ್ಲಿ ಕೂತು, ಮಡಿಲಿಗೆ ಮಡಿಬಟ್ಟೆ ಹಾಸಿಕೊಂಡು, ಬೆಕ್ಕು ತಾನಾಗಿ ಬರಲಿ ಎಂದು ಕಾಯುತ್ತಾರೆ. ಬಂದು ಮಲಗಿದರೆ, ಅದು ಏಳುವವರೆಗೆ ಅಲುಗುವಂತಿಲ್ಲ. ಅದೇ ಪೂಜೆ.

ಹೀಗೆ ನಡೆದ ಮೊದಲ ಬಿದಿಗೆಯ ದಿನ ನೆರೆರಾಜ್ಯದ ದೂತರು ಬಂದು ಅರಮನೆಯ ಬಾಗಿಲಲ್ಲಿ ನಿಂತರಂತೆ. ಮಂತ್ರಿ ಓಡಿಬಂದು, "ಪ್ರಭು, ಏಳಬೇಕು," ಅಂದನಂತೆ. ಕಾಲು ಜೋಮು ಹಿಡಿದು ಕೂತಿದ್ದ ರಾಜ ಸೋಮಭೂಪಾಲ ತುಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದನಂತೆ:

"ಶ್... ಅವರಿಗೂ ಕೂತ್ಕೊಳ್ಳೋಕೆ ಹೇಳು. ಈಗಷ್ಟೇ ಮಲಗಿದೆ."