ಡಾಂಬರು ರಸ್ತೆಯ ಮೇಲೊಂದು ದೋಣಿ

"ಪೆಟ್ಟಿಗೆ ಕೆಳಗಿಡು, ಲ್ಯಾವ್!"

ಐಸ್ ಎಳೆಯೋ ಕಬ್ಬಿಣದ ಕೊಕ್ಕೆ. ನನ್ನ ಕುತ್ತಿಗೆಯಿಂದ ಒಂದೇ ಗೇಣು ದೂರ!

ಹಿಡಿದು ನಿಂತವನು ಜ್ವಾಂಗ್. ಈ ಐಸ್ ಫ್ಯಾಕ್ಟರಿ ಅವನದು, ಏಳು ದೋಣಿ ಅವನವು... ತೈವಾನಿನ ಈ ಪುಟ್ಟ ಬಂದರಲ್ಲಿ ಅರ್ಧ ಜನ ಉಣ್ಣೋದು ಅವನ ಅನ್ನ.

ನಾನು ರೇಡಿಯೋ ರಿಪೇರಿಯವನು. ಕೇಳಿದರೆ, ಕಳೆದುಹೋದದ್ದನ್ನೂ ಹುಡುಕಿಕೊಡ್ತೀನಿ.

ಕೇಳಿದ್ದು ಬಾವ್‌ಜು. ಮಾರ್ಕೆಟ್ಟಿನಲ್ಲಿ ಮೀನುಂಡೆ ಸಾರು ಮಾರೋಳು. ಬೆಳಿಗ್ಗೆ ನನ್ನ ಅಂಗಡಿಗೆ ನುಗ್ಗಿದ್ದಳು.

"ಲ್ಯಾವ್ ಅಣ್ಣ, ನಮ್ಮನೆಯವರು ಹೋದ ದೋಣಿಯಿಂದ ಸುದ್ದಿ ಇಲ್ಲದೆ ಐದು ದಿನ ಆಯ್ತು. ಜ್ವಾಂಗ್ ಯಜಮಾನ್ರನ್ನ ಕೇಳಿದ್ರೆ ಮ್ಯಾಪ್ ತೋರಿಸ್ತಾರೆ. ನಲವತ್ತು ಮೈಲಿ ಆಚೆ ಮೀನು ಹಿಡೀತಿದ್ದಾರಂತೆ!"

"ಹಿಡೀತಿರಬಹುದಲ್ಲಮ್ಮ?"

"ನನ್ನ ಗಂಡ ಆ-ತೂಗೆ ದಿನಾ ನನ್ನ ಬೈಯದೆ ನಿದ್ದೆ ಬರಲ್ಲ ಅಣ್ಣ. ಐದು ದಿನ ಸುಮ್ಮನಿರೋ ಗಂಡಸಲ್ಲ!"

ಪ್ರತಿ ದೋಣಿಯಲ್ಲೂ ಒಂದು ಪೆಟ್ಟಿಗೆ ಇರುತ್ತೆ. 'ನಾನು ಇಂಥ ದೋಣಿ, ಇಂಥಲ್ಲಿದ್ದೀನಿ' ಅಂತ ಗಾಳಿಯಲ್ಲಿ ಕೂಗ್ತಾನೇ ಇರುತ್ತೆ. ಕೇಳಿಸಿಕೊಳ್ಳೋಕೆ ನನ್ನ ಹತ್ತಿರ ಹೆಬ್ಬೆರಳಿನಷ್ಟು ರಿಸೀವರ್, ಹಳೇ ಲ್ಯಾಪ್‌ಟಾಪ್, ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ ಪ್ರೋಗ್ರಾಂ.

ಆನ್ ಮಾಡಿದೆ. ಪರದೆ ತುಂಬಾ ಕಸ!

ತಪ್ಪು ನನ್ನದೇ ಅಂದುಕೊಂಡೆ. ವೈರ್ ಬದಲಾಯಿಸಿದೆ. ಪ್ರೋಗ್ರಾಂ ಮೊದಲಿಂದ ಹಾಕಿದೆ. ಕೊನೆಗೆ ರಿಸೀವರಿನ ಗೇನ್, ಅಂದ್ರೆ ಅದರ ಕಿವಿಯ ಚುರುಕು, ಇಳಿಸಿದೆ... ಬೇರೆ ದೋಣಿಗಳೆಲ್ಲ ಮಾಯ. ಉಳಿದದ್ದು ಒಂದೇ.

ಆ-ತೂ ಹೋದ ದೋಣಿ.

ಆಂಟೆನಾನೇ ಕಿತ್ತೆ.

ಇನ್ನೂ ಕೂಗ್ತಿದೆ!

ನೀವೇ ಹೇಳಿ, ನಲವತ್ತು ಮೈಲಿ ಆಚೆಯ ದೋಣಿ ಹೀಗೆ ಕಿವಿಯೊಳಗೇ ಕೂತು ಕಿರುಚುತ್ತಾ?

ಲ್ಯಾಪ್‌ಟಾಪ್ ಹೊತ್ತು ಸ್ಕೂಟರಿನಲ್ಲಿ ಓಣಿ ಓಣಿ ತಿರುಗಿದೆ. ಸದ್ದು ಜೋರಾದ ಕಡೆ ಗಾಡಿ. ಅದು ತಂದು ನಿಲ್ಲಿಸಿದ್ದು ಐಸ್ ಫ್ಯಾಕ್ಟರಿಯ ಅಟ್ಟದಲ್ಲಿ. ದೋಣಿಯ ಪೆಟ್ಟಿಗೆ, ಒಂದು ಬ್ಯಾಟರಿ. ಪಕ್ಕದಲ್ಲೇ ಅದಕ್ಕೆ ಸುಳ್ಳು ಜಾಗ ಹೇಳಿಕೊಡೋ ಕಂಪ್ಯೂಟರ್!

ಪೆಟ್ಟಿಗೆ ಎತ್ತಿಕೊಂಡೆ. ಹಿಂದೆ ಕೊಕ್ಕೆ ಬಂತು.

"ದೋಣಿ ಎಲ್ಲಿ, ಯಜಮಾನ್ರೇ?"

"ನಿನಗ್ಯಾಕೆ?"

"ಪೆಟ್ಟಿಗೆ ಇಲ್ಲಿ ಬಿಚ್ಚಿಟ್ಟು, ಸಮುದ್ರದಲ್ಲಿ ಕಳ್ಳ ಡೀಸೆಲ್ ಮಾರೋಕೆ ಕಳಿಸಿದ್ರಾ?"

ಜ್ವಾಂಗ್ ಕೊಕ್ಕೆ ಇನ್ನಷ್ಟು ಹತ್ತಿರ ತಂದ. "ಇಂಜಿನ್ ಕೆಟ್ಟಿದೆ ಅಂತ ಸೋಮವಾರ ಒಂದು ಮಾತು ಬಂತು. ಆಮೇಲೆ ಇಲ್ಲ. ಬಾಯಿಬಿಟ್ರೆ ನಾನು ಜೈಲಿಗೆ!"

"ಬಿಡದಿದ್ರೆ ದೋಣಿಯಲ್ಲಿರೋ ಐದು ಜನ ಸಾಯ್ತಾರೆ!"

"ಸಮುದ್ರದಲ್ಲಿ ಸಾಯೋದೇನು ಹೊಸದಾ?"

ಅಷ್ಟು ಸಾಕಾಯ್ತು ನನಗೆ.

ಕಂಪ್ಯೂಟರಿನ ವೈರ್ ಕಿತ್ತೆ. ಕೊಕ್ಕೆ ಬೀಸಿತು... ತೋಳು ಹರೀತು, ಅಂಗಿಯದೂ, ನನ್ನದೂ! ಪೆಟ್ಟಿಗೆ, ಬ್ಯಾಟರಿ ಅವಚಿಕೊಂಡು ಐಸ್ ಗಡ್ಡೆ ಇಳಿಸೋ ಜಾರುದಾರೀಲಿ ಜಾರಿದೆ. ಸೀದಾ ಸ್ಕೂಟರಿಗೆ!

ಹಿಂದೆ ಅವನ ಲಾರಿ.

ಸುಳ್ಳು ಹೇಳಿಕೊಡೋರು ಇಲ್ಲದ ಪೆಟ್ಟಿಗೆ ಈಗ ತಾನಿರೋ ಜಾಗವನ್ನೇ ಕೂಗ್ತಿತ್ತು. ಕರಾವಳಿ ಕಾವಲು ಪಡೆಯ ಪರದೆ ಮೇಲೆ ಇಪ್ಪತ್ತು ಟನ್ನಿನ ದೋಣಿಯೊಂದು ಮೀನು ಮಾರ್ಕೆಟ್ ದಾಟಿ, ಮಾಜು ದೇವಿಯ ಗುಡಿ ಹತ್ತಿರ ಬಲಕ್ಕೆ ತಿರುಗಿ, ಅವರ ಆಫೀಸಿಗೇ ನುಗ್ಗಿ ಬರ್ತಿತ್ತು!

ಗೇಟಿನಲ್ಲಿ ಅಧಿಕಾರಿ ಬಾಯಿ ಕಳೆದು ನಿಂತಿದ್ದ.

"ಏನಯ್ಯಾ ಇದು? ರಸ್ತೆ ಮೇಲೆ ದೋಣಿ!"

"ನಿಜವಾದ ದೋಣಿ ಎಲ್ಲಿ ಅಂತ ಲಾರಿಯವರನ್ನ ಕೇಳಿ, ಸಾರ್."

ಹತ್ತು ನಿಮಿಷದಲ್ಲಿ ಜ್ವಾಂಗ್ ಕಕ್ಕಿದ. ಹೆಲಿಕಾಪ್ಟರ್ ದಕ್ಷಿಣಕ್ಕೆ ಹಾರಿತು. ಸಂಜೆಯೊಳಗೆ ಐವರೂ ಸಿಕ್ಕರು.

ಉಸಿರಾಡ್ತಿದ್ದವರು ನಾಲ್ವರು.

ಆ-ತೂ ತುಟಿ ಒಡೆದು, ಸೌದೆಯಂತಾಗಿದ್ದ. ಬಾವ್‌ಜು ಅವನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಅವನ ಎದೆಗೆ ಬಿದ್ದು ಅತ್ತಳು.

ಜೀಪು ಹತ್ತುವಾಗ ಜ್ವಾಂಗ್ ನನ್ನ ಕಡೆ ಉಗಿದ.

"ಇನ್ನು ನಿನ್ನ ಅಂಗಡಿಗೆ ನರಪಿಳ್ಳೆಯೂ ಬರಲ್ಲ ಕಣೋ, ಲ್ಯಾವ್!"

ಸರಿಯಾಗೇ ಹೇಳಿದ. ಮರುದಿನ ಒಬ್ಬ ಗಿರಾಕಿಯೂ ಬರಲಿಲ್ಲ... ಆದರೆ ಮಧ್ಯಾಹ್ನದೊಳಗೆ ನನ್ನ ಲ್ಯಾಪ್‌ಟಾಪಿನ ಮ್ಯಾಪಿನ ಮೇಲೆ, ಹೆದರಿದ ಬೇರೆ ಯಜಮಾನರ ಇನ್ನೂ ಹದಿನಾಲ್ಕು ದೋಣಿಗಳು ಸುಳ್ಳು ಜಾಗ ಬಿಟ್ಟು ಇದ್ದಕ್ಕಿದ್ದಂತೆ ನೆಗೆದು, ತಾವು ನಿಜವಾಗಿ ಇರೋ ಜಾಗಕ್ಕೆ ಬಂದು ನಿಂತವು!